ನಮ್ಮ ದುಡಿಮೆ, ನಮ್ಮ ಲೆಕ್ಕ



ಬೆಳಗ್ಗೆ ನಾಲ್ಕೂವರೆ ಗಂಟೆ. ನಮ್ಮ ಕರಿಕೆಯಲ್ಲಿ ಇನ್ನೂ ಕತ್ತಲೆ. ಆದರೆ ಗುಡ್ಡದ ರಬ್ಬರ್ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಬೆಳಕು ಓಡಾಡುತ್ತದೆ. ಮಿಂಚುಹುಳ ಅಲ್ಲ. ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗ್‌ಗೆ ಹೋದವರು. ಅವರಲ್ಲಿ ಹೆಂಗಸರೂ ಇದ್ದಾರೆ. ಅವರಲ್ಲಿ ಕೆಲವರು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೂ ಬರುತ್ತಾರೆ. ಸ್ಲೇಟು ಹಿಡಿದ ಕೈಯಲ್ಲಿ ರಬ್ಬರ್ ಹಾಲಿನ ವಾಸನೆ ಇರುತ್ತದೆ.

"ಟೀಚರೇ, ನಮ್ಮದೆಲ್ಲ ಕೂಲಿ ಕೆಲಸ. ಇದಕ್ಕೆ ಓದು ಯಾಕೆ?" ಎಂದು ಒಬ್ಬರು ಮೊದಲ ದಿನವೇ ಕೇಳಿದರು. ಆ ಪ್ರಶ್ನೆಗೆ ನಾನು ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಟ್ಯಾಪಿಂಗ್ ಬರೀ ಕೂಲಿ ಅಲ್ಲ. ಅದು ಕಸುಬು. ಬಡಗಿಯ ಕೆಲಸದ ಹಾಗೆ, ದರ್ಜಿಯ ಕೆಲಸದ ಹಾಗೆ. ಕಲಿಯದೆ ಬಾರದು. ಹೇಗೆ ಅಂತ ನೋಡಿ.

ರಬ್ಬರ್ ಮರದ ಹಾಲು ಇರುವುದು ತೊಗಟೆಯಲ್ಲಿ. ತೊಗಟೆಯ ಒಳಗೆ ಒಂದು ತೆಳು ಪದರ ಇದೆ. ಮರ ಬೆಳೆಯುವುದು ಆ ಪದರದಿಂದ. ಕತ್ತಿ ಅದಕ್ಕೆ ತಾಗಬಾರದು. ತಾಗಿದರೆ ಮರಕ್ಕೆ ಗಾಯ. ಗಾಯ ಆದಲ್ಲಿ ಗಂಟು ಕಟ್ಟುತ್ತದೆ. ಮುಂದೆ ಆ ಜಾಗದಲ್ಲಿ ಟ್ಯಾಪಿಂಗ್ ಮಾಡಲು ಆಗುವುದಿಲ್ಲ. ಹಾಗಂತ ಮೇಲೆ ಮೇಲೆ ಕೆರೆದರೆ ಹಾಲು ಬರುವುದಿಲ್ಲ. ಒಳಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕತ್ತಿ ನಿಲ್ಲಬೇಕು. ಒಂದು ಮಿಲಿಮೀಟರ್ ಎಂದರೆ ಎಷ್ಟು? ಅಳತೆಪಟ್ಟಿಯಲ್ಲಿ ಎರಡು ಸಣ್ಣ ಗೆರೆಗಳ ನಡುವಿನ ಜಾಗ. ಕತ್ತಲೆಯಲ್ಲಿ, ಜಾರುವ ಗುಡ್ಡದಲ್ಲಿ ನಿಂತು, ದಿನಕ್ಕೆ 250, 300 ಮರಕ್ಕೆ ಹೀಗೆ ಕತ್ತಿ ಹಾಕಬೇಕು. ಪಟ್ಟಣದ ಆಫೀಸಿನಲ್ಲಿ ಕುಳಿತವರಿಗೆ ಇದು ಬರುತ್ತದಾ? ನನಗಂತೂ ಬರುವುದಿಲ್ಲ. ಒಮ್ಮೆ ಪ್ರಯತ್ನ ಮಾಡಿ ಮರಕ್ಕೆ ಗಾಯ ಮಾಡಿ ಬೈಸಿಕೊಂಡಿದ್ದೇನೆ.

ಬೆಳಗಿನ ಜಾವವೇ ಯಾಕೆ ಹೋಗಬೇಕು? ತಂಪಿನಲ್ಲಿ ಹಾಲು ಚೆನ್ನಾಗಿ ಹರಿಯುತ್ತದೆ. ಬಿಸಿಲೇರಿದರೆ ಹರಿವು ಕಡಿಮೆ. ಎರಡು ಮೂರು ಗಂಟೆ ಹಾಲು ತೊಟ್ಟಿಕ್ಕುತ್ತದೆ. ಆಮೇಲೆ ಬಕೆಟಿಗೆ ತುಂಬಿ ತರಬೇಕು. ಸೋಸಬೇಕು. ನೀರು ಬೆರೆಸಬೇಕು. ಫಾರ್ಮಿಕ್ ಆಸಿಡ್ ಹಾಕಿ ಡಿಶ್‌ನಲ್ಲಿ ಹೆಪ್ಪುಗಟ್ಟಲು ಇಡಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮರುದಿನ ಮೆಷಿನ್‌ಗೆ ಕೊಟ್ಟು ಶೀಟ್ ಮಾಡಬೇಕು. ತೊಳೆದು, ನೀರು ಬಸಿದು, ಹೊಗೆಮನೆಯಲ್ಲಿ ನಾಲ್ಕೈದು ದಿನ ಒಣಗಿಸಬೇಕು.

ರಬ್ಬರ್ ನಮ್ಮ ಊರಿನ ಮರ ಅಲ್ಲ. ಅದರ ತವರು ದೂರದ ಬ್ರೆಜಿಲ್ ದೇಶದ ಕಾಡು. 1876ರಲ್ಲಿ ಒಬ್ಬ ಇಂಗ್ಲಿಷಿನವನು ಅಲ್ಲಿಂದ ಬೀಜ ತಂದ. ಅದರ ಗಿಡಗಳು ಸಿಲೋನಿಗೆ ಬಂದವು. 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ದೊಡ್ಡ ತೋಟ ಆಯಿತು. ಮೆಲ್ಲಮೆಲ್ಲ ನಮ್ಮ ಕಡೆಗೂ ಬಂತು. ಪಕ್ಕದ ಸುಳ್ಯದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಸಿಲೋನಿನಿಂದ ಮರಳಿ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟರು. ಆ ಮನೆಗಳ ಹೆಂಗಸರೂ ಅಲ್ಲಿ ಕತ್ತಿ ಹಿಡಿದಿದ್ದಾರೆ.

ಈಗ ಈ ಕಸುಬಿನಲ್ಲಿ ಏನು ಬದಲಾಗುತ್ತಿದೆ, ಅದನ್ನು ಹೇಳುತ್ತೇನೆ.

ಒಂದು, ದರ. ರಬ್ಬರ್ ದರ ಒಂದೇ ಕಡೆ ನಿಲ್ಲುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಕಿಲೋಗೆ 240 ರೂಪಾಯಿ ದಾಟಿತ್ತು. 2016ರ ಆರಂಭದಲ್ಲಿ 100 ರೂಪಾಯಿಗಿಂತ ಕೆಳಗೆ ಬಿತ್ತು. ಆಗ ಎಷ್ಟೋ ಜನ ಟ್ಯಾಪಿಂಗ್ ನಿಲ್ಲಿಸಿದರು. ಟ್ಯಾಪಿಂಗ್ ನಿಂತರೆ ಧಣಿಗೆ ಲಾಭ ಹೋಯಿತು, ನಮಗೆ ಗಂಜಿಯೇ ಹೋಯಿತು. 2024ರ ಆಗಸ್ಟ್‌ನಲ್ಲಿ ದರ ಮತ್ತೆ 240 ದಾಟಿತು. ಯಾಕೆ ಹೀಗೆ? ರಬ್ಬರಿನ ಹೆಚ್ಚಿನ ಪಾಲು ಹೋಗುವುದು ಟಯರಿಗೆ. ಟಯರ್ ಕಂಪನಿಗಳು ಹೊರದೇಶದಿಂದಲೂ ರಬ್ಬರ್ ತರಿಸುತ್ತವೆ. ಥಾಯ್ಲೆಂಡಿನಲ್ಲಿ ಮಳೆ ಹೆಚ್ಚಾದರೂ ನಮ್ಮ ಕರಿಕೆಯ ದರ ಅಲುಗಾಡುತ್ತದೆ. ರಬ್ಬರ್ ಮಂಡಳಿ ಕೊಟ್ಟಾಯಂನಲ್ಲಿದೆ. ಅದು ದಿನದ ದರ ಪ್ರಕಟ ಮಾಡುತ್ತದೆ. ಪೇಪರಿನಲ್ಲಿ 'ಆರ್‌ಎಸ್‌ಎಸ್ 4' ಎಂದು ಬರುತ್ತದೆ. ಅದು ಶೀಟಿನ ಗ್ರೇಡು. 1ರಿಂದ 5ರವರೆಗೆ ಗ್ರೇಡು ಇದೆ. 1 ಎಲ್ಲಕ್ಕಿಂತ ಒಳ್ಳೆಯದು. ಶೀಟಿನಲ್ಲಿ ಗುಳ್ಳೆ, ಕಸ, ಬೂಷ್ಟು ಇದ್ದರೆ ಗ್ರೇಡು ಇಳಿಯುತ್ತದೆ. ಎರಡು ಅಕ್ಷರ ಓದಲು ಬಂದವರು ಇದನ್ನು ನೋಡಬಹುದು. ಸ್ವಂತ ನಾಲ್ಕು ಮರ ಇದ್ದವರಿಗೆ ಇದು ಬೇಕೇ ಬೇಕು.

ಹಾಲನ್ನೇ ಮಾರುವವರೂ ಇದ್ದಾರೆ. ಅವರು ಇನ್ನೊಂದು ಮಾತು ತಿಳಿದಿರಬೇಕು. ಹಾಲಿನಲ್ಲಿ ಎಲ್ಲವೂ ರಬ್ಬರ್ ಅಲ್ಲ. 100 ಕಿಲೋ ಹಾಲಿನಲ್ಲಿ ಸುಮಾರು 30ರಿಂದ 40 ಕಿಲೋ ಮಾತ್ರ ಒಣ ರಬ್ಬರ್. ಉಳಿದದ್ದು ಹೆಚ್ಚಾಗಿ ನೀರು. ಹಣ ಕೊಡುವುದು ಒಣ ರಬ್ಬರಿಗೆ. "ಹಾಲು ಅಷ್ಟು ಕೊಟ್ಟೆ, ದುಡ್ಡು ಇಷ್ಟೇನಾ?" ಎಂದು ಜಗಳ ಆಗುವುದು ಇಲ್ಲೇ. ಎಷ್ಟು ಪರ್ಸೆಂಟ್ ಬಂತು ಎಂದು ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೆಯದು ವಾರದ ಟ್ಯಾಪಿಂಗ್. ಮೊದಲೆಲ್ಲ ದಿನ ಬಿಟ್ಟು ದಿನ ಕತ್ತಿ ಹಾಕುತ್ತಿದ್ದರು. ಈಗ ಟ್ಯಾಪಿಂಗ್ ಬಲ್ಲವರು ಸಿಗುವುದು ಕಷ್ಟ. ಮಕ್ಕಳು ಓದಿ ಬೆಂಗಳೂರಿಗೋ ಗಲ್ಫಿಗೋ ಹೋದರು. ಅದಕ್ಕೆ ರಬ್ಬರ್ ಮಂಡಳಿಯವರು ವಾರಕ್ಕೊಮ್ಮೆ ಟ್ಯಾಪಿಂಗ್ ಮಾಡುವ ಕ್ರಮವನ್ನು ಹೇಳಿಕೊಡುತ್ತಿದ್ದಾರೆ. ಹಾಲು ಹೆಚ್ಚು ಬರಲು ತೊಗಟೆಗೆ ಒಂದು ಔಷಧಿ ಹಚ್ಚುತ್ತಾರೆ. ತೊಗಟೆ ಉಳಿಯುತ್ತದೆ, ಮರಕ್ಕೆ ಆಯಸ್ಸು ಹೆಚ್ಚು. ಆದರೆ ನಮಗೆ? ಒಬ್ಬರ ತೋಟದಲ್ಲಿ ತಿಂಗಳಿಗೆ 15 ದಿನ ಇದ್ದ ಕೆಲಸ 4 ದಿನಕ್ಕೆ ಇಳಿಯುತ್ತದೆ. ಕೇಳಿದ ಕೂಡಲೇ ಎದೆ ಧಸಕ್ ಎನ್ನುತ್ತದೆ. ಹೆದರಬೇಡಿ. ಟ್ಯಾಪಿಂಗ್ ಬಲ್ಲವರು ಕಡಿಮೆ ಇರುವುದರಿಂದ ಒಬ್ಬರೇ ವಾರದಲ್ಲಿ ಆರು ಸಣ್ಣ ತೋಟ ನೋಡಬಹುದು. ಸೋಮವಾರ ಒಬ್ಬರದ್ದು, ಮಂಗಳವಾರ ಇನ್ನೊಬ್ಬರದ್ದು. ಆಗ ನೀವು ಒಬ್ಬ ಧಣಿಯ ಆಳು ಅಲ್ಲ. ಆರು ಜನಕ್ಕೆ ಬೇಕಾದ ಕೆಲಸಗಾರ್ತಿ. ಆದರೆ ಆರು ಜನರ ಲೆಕ್ಕ ಬಾಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಅಲ್ವಾ? ಪುಸ್ತಕ ಬೇಕು.

ನಮ್ಮ ಕೇಂದ್ರದ ಒಬ್ಬ ಅಕ್ಕನ ಕತೆ ಹೇಳುತ್ತೇನೆ. ಹೆಸರು ಬೇಡ ಎಂದಿದ್ದಾರೆ. ಅವರು ಏಳು ವರ್ಷದಿಂದ ಒಂದು ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದರು. ಮರ 280. ಮರಕ್ಕೆ 2 ರೂಪಾಯಿ. ದಿನಕ್ಕೆ ಎಷ್ಟಾಯಿತು? 280 × 2 = 560 ರೂಪಾಯಿ. ತಿಂಗಳ ಕೊನೆಗೆ ಲೆಕ್ಕ. ಮೊದಲು ಅವರು ಅಡಿಗೆಮನೆ ಗೋಡೆಯಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ದಿನಕ್ಕೊಂದು ಗೆರೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಗೆರೆ ಅಳಿಸಿ ಹೋಗುತ್ತಿತ್ತು. ಅಳಿಸದೇ ಇದ್ದಾಗಲೂ ಗೋಡೆಯನ್ನು ಕಿತ್ತುಕೊಂಡು ಹೋಗಿ ತೋರಿಸಲು ಆಗುತ್ತದಾ?

ಅಂಕಿ ಬರೆಯಲು ಕಲಿತ ಮೇಲೆ ಅವರು 10 ರೂಪಾಯಿಯ ಒಂದು ಸಣ್ಣ ಪುಸ್ತಕ ತೆಗೆದುಕೊಂಡರು. ದಿನಾ ರಾತ್ರಿ ಮೂರು ಮಾತು ಬರೆದರು. ತಾರೀಕು. ಎಷ್ಟು ಮರ. ಹಣ ಸಿಕ್ಕಿತೋ ಇಲ್ಲವೋ. ತಿಂಗಳಾಯಿತು. ಧಣಿಯ ಪುಸ್ತಕದಲ್ಲಿ 11 ದಿನ ಇತ್ತು. ಅಕ್ಕನ ಪುಸ್ತಕದಲ್ಲಿ 14 ದಿನ.

"ಕೈ ನಡುಗಿತು ಟೀಚರೇ" ಎಂದರು ನನ್ನ ಹತ್ತಿರ. "ಏಳು ವರ್ಷ ಒಂದು ಮಾತು ಎದುರು ಆಡಿದವಳಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟೆ. ಮಾತಾಡಲಿಲ್ಲ. ಅವರೇ ಓದಿದರು."

ಧಣಿ ಎರಡೂ ಪುಸ್ತಕ ಇಟ್ಟುಕೊಂಡು ಒಂದೊಂದೇ ತಾರೀಕು ನೋಡಿದರು. ಎರಡು ದಿನ ಅವರು ಮನೆಯಲ್ಲಿ ಇರಲಿಲ್ಲ, ಬರೆಯಲು ಮರೆತಿತ್ತು. ಒಪ್ಪಿಕೊಂಡರು. ಮೂರನೆಯ ದಿನದ ಬಗ್ಗೆ ಒಪ್ಪಲಿಲ್ಲ. ಅವತ್ತು ಅಕ್ಕ ಎಲ್ಲ ಮರಕ್ಕೂ ಕತ್ತಿ ಹಾಕಿದ್ದರು. ಏಳು ಗಂಟೆಗೆ ಮಳೆ ಬಂತು. ಹಾಲೆಲ್ಲ ಕೊಚ್ಚಿ ಹೋಯಿತು. "ಹಾಲೇ ಸಿಗಲಿಲ್ಲ, ಕೂಲಿ ಹೇಗೆ?" ಎಂದರು ಧಣಿ. "ಮಳೆ ನಾನು ತಂದದ್ದಾ? ಕೈ ನನ್ನದು ದುಡಿದಿದೆ" ಎಂದರು ಅಕ್ಕ. ಕೊನೆಗೆ ಅರ್ಧ ಕೂಲಿಗೆ ಒಪ್ಪಿದರು. ಎರಡು ದಿನದ್ದು 1120. ಅರ್ಧ ದಿನದ್ದು 280. ಒಟ್ಟು 1400 ರೂಪಾಯಿ ಕೈಗೆ ಬಂತು.

ನನಗೆ ಕೇಳಿದರೆ ಅದು ಪೂರ್ತಿ ಕೂಲಿಯೇ ಆಗಬೇಕಿತ್ತು. ಆದರೆ ಅಕ್ಕ ಒಂದು ಜಾಣತನ ಮಾಡಿದರು. ಪುಸ್ತಕದ ಮೊದಲ ಪುಟದಲ್ಲಿ ಬರೆದರು: "ಕತ್ತಿ ಹಾಕಿದ ಮೇಲೆ ಮಳೆ ಬಂದರೆ ಅರ್ಧ ಕೂಲಿ." ಧಣಿಯ ಸಹಿ ಹಾಕಿಸಿದರು. ಹಳೆಯ ಏಳು ವರ್ಷದಲ್ಲಿ ಎಷ್ಟು ದಿನ ತಪ್ಪಿ ಹೋಯಿತು? ಅದನ್ನು ಯಾರು ಹೇಳುವುದು? ಗೋಡೆಗೆ ಸುಣ್ಣ ಬಳಿದಾಗಿದೆ.

ಮಳೆಯ ಮಾತು ಬಂತು. ನಮ್ಮ ಕರಿಕೆಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಕೆಲವು ತೋಟದಲ್ಲಿ ಮರಕ್ಕೆ ಪ್ಲಾಸ್ಟಿಕ್ಕಿನ ರೈನ್‌ಗಾರ್ಡ್ ಕಟ್ಟುತ್ತಾರೆ. ಕಟ್ಟಿದರೆ ಮಳೆಗಾಲದಲ್ಲೂ ಕೆಲಸ ಇರುತ್ತದೆ. ಕಟ್ಟದಿದ್ದರೆ ಇಲ್ಲ. ಬೇಸಿಗೆ ಬರುವ ಹೊತ್ತಿಗೆ ಎಲೆ ಉದುರುತ್ತದೆ, ಆಗಲೂ ಮರಕ್ಕೆ ವಿಶ್ರಾಂತಿ. ಹಾಗಾಗಿ ಕೆಲಸಕ್ಕೆ ಸೇರುವ ಮೊದಲೇ ಕೇಳಿ: ರೈನ್‌ಗಾರ್ಡ್ ಹಾಕುತ್ತೀರಾ? ಒಟ್ಟುಪಾಲು ಯಾರಿಗೆ? ಶೀಟ್ ಮಾಡುವ ಕೆಲಸ ಮರದ ಲೆಕ್ಕದಲ್ಲಿ ಸೇರಿದೆಯಾ, ಬೇರೆ ಕೂಲಿಯಾ? ಈ ಶೀಟಿನ ಕೆಲಸವನ್ನು ಹೆಂಗಸರಿಂದ ಪುಕ್ಕಟೆ ಮಾಡಿಸುವ ಕಡೆಯೂ ಇದೆ. ಗಂಡ ಟ್ಯಾಪಿಂಗ್ ಮಾಡುತ್ತಾನೆ, ಹೆಂಡತಿ ಹಾಲು ಹೊರುತ್ತಾಳೆ, ಶೀಟ್ ಒತ್ತುತ್ತಾಳೆ. ಲೆಕ್ಕದಲ್ಲಿ ಗಂಡನ ಹೆಸರು ಮಾತ್ರ. ಅದು ಇಬ್ಬರ ದುಡಿಮೆ. ಇಬ್ಬರ ಹೆಸರೂ ಇರಲಿ.

ಮೈಗೆ ಜೋಪಾನ. ಆಸಿಡ್ ಬೆರೆಸುವಾಗ ಮೊದಲು ಪಾತ್ರೆಯಲ್ಲಿ ನೀರು ಹಾಕಿ. ಆಮೇಲೆ ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಸುರಿಯಬೇಡಿ, ಹಾರುತ್ತದೆ. ಕೈಗೆ, ಕಣ್ಣಿಗೆ ತಾಗಿದರೆ ತಣ್ಣೀರಿನಲ್ಲಿ ತುಂಬ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ. ಆಸಿಡ್ ಬಾಟಲಿಯನ್ನು ಕುಡಿಯುವ ನೀರಿನ ಬಾಟಲಿಯ ಹತ್ತಿರ ಇಡಲೇಬೇಡಿ. ಕಾಲಿಗೆ ಗಮ್‌ಬೂಟ್ ಹಾಕಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಹೆಚ್ಚು ನಡೆಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿ. ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಮರದಲ್ಲಿರುವ ಗೆರಟೆ, ಕಪ್ಪುಗಳನ್ನು ಮಗುಚಿ ಇಡಿ. ಅದರಲ್ಲಿ ನಿಂತ ಮಳೆ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಇನ್ನು ಅಡಿಕೆಯ ಮಾತು. ನನ್ನ ಅಮ್ಮ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಕಿಲೋ ಲೆಕ್ಕದಲ್ಲಿ ಕೂಲಿ. ತೂಕ ಮಾಡುವಾಗ ಅಮ್ಮ ಆಚೆ ನೋಡುತ್ತಿದ್ದರು. ತಕ್ಕಡಿ ನೋಡಿದರೆ ನಂಬಿಕೆ ಇಲ್ಲ ಎಂದು ಆಗುತ್ತದೆ ಎಂಬ ಸಂಕೋಚ. ಆ ಸಂಕೋಚದಿಂದ ಎಷ್ಟು ಹೋಯಿತೋ! ಈಗ ಅಂಕಿ ಉರಿಯುವ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ನೋಡುವುದು ಸುಲಭ. ಮೊದಲು ಏನೂ ಇಡದೆ ಇದ್ದಾಗ 0 ಇದೆಯಾ ನೋಡಿ. ಖಾಲಿ ಚೀಲ ತೂಕ ಮಾಡಿಸಿ. ಆಮೇಲೆ ತುಂಬಿದ ಚೀಲ. ತುಂಬಿದ ಚೀಲ 24 ಕಿಲೋ, ಖಾಲಿ ಚೀಲ 1 ಕಿಲೋ ಇದ್ದರೆ ನಿಮ್ಮ ಕೆಲಸ 23 ಕಿಲೋ. ಚೀಲಕ್ಕೆ 2 ಕಿಲೋ ಕಳೆದರೆ "ಯಾಕೆ?" ಎಂದು ಕೇಳಿ. ನಗುತ್ತಲೇ ಕೇಳಿ, ಆದರೆ ಕೇಳಿ.

ಸುಲಿಯುವ ಮೆಷಿನ್ ಈಗ ಊರೂರಿಗೆ ಬರುತ್ತಿದೆ. ಕೈಯಲ್ಲಿ ಸುಲಿಯುವ ಕೆಲಸ ಕಡಿಮೆ ಆಗುತ್ತಿದೆ. ಆದರೆ ಮೆಷಿನ್‌ನಲ್ಲಿ ಒಡೆದ ಅಡಿಕೆ ಆರಿಸಬೇಕು, ಗಾತ್ರ ನೋಡಿ ಬೇರೆ ಮಾಡಬೇಕು. ಅದಕ್ಕೆ ಅನುಭವದ ಕಣ್ಣೇ ಬೇಕು. ನಾಲ್ಕೈದು ಜನ ಸೇರಿ ಸಂಘದ ಸಾಲದಲ್ಲಿ ಮೆಷಿನ್ ತೆಗೆದುಕೊಳ್ಳುವ ಯೋಚನೆ ಮಾಡಬಹುದು. ಆದರೆ ಮೊದಲು ಲೆಕ್ಕ ಹಾಕಿ. ಊರಿನಲ್ಲಿ ಎಷ್ಟು ಅಡಿಕೆ ಸಿಗುತ್ತದೆ? ಕರೆಂಟು ಎಷ್ಟು ಹೊತ್ತು ಇರುತ್ತದೆ? ತಿಂಗಳ ಕಂತು ಎಷ್ಟು? ಸುಳ್ಯ, ಸಂಪಾಜೆ ಕಡೆ ಹಳದಿ ಎಲೆ ರೋಗ ಬಂದು ಎಷ್ಟೋ ಅಡಿಕೆ ತೋಟ ಹಾಳಾಗಿದೆ. ಅಡಿಕೆಯನ್ನೇ ನಂಬಿ ದೊಡ್ಡ ಸಾಲ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಒಳ್ಳೆಮೆಣಸು ಕೊಯ್ಲಿಗೂ, ಕಾಫಿ ಕೊಯ್ಲಿಗೂ ಇದೇ ಮಾತು. ಕಿಲೋ ಕೂಲಿ ಆದರೆ ತೂಕ ನೋಡಿ. ದಿನಗೂಲಿ ಆದರೆ ಹೊತ್ತು ಬರೆದಿಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಗಂಡಸಿಗೆ ಹೆಚ್ಚು, ಹೆಂಗಸಿಗೆ ಕಡಿಮೆ ಯಾಕೆ? ಕಾನೂನಿನಲ್ಲಿ ಹಾಗೆ ಇಲ್ಲ. ಒಂದೇ ರೀತಿಯ ಕೆಲಸಕ್ಕೆ ಗಂಡು ಹೆಣ್ಣು ಎಂದು ಕೂಲಿಯಲ್ಲಿ ಭೇದ ಮಾಡಬಾರದು ಎಂದು 1976ರಲ್ಲಿಯೇ ಕಾಯ್ದೆ ಆಯಿತು. ಆ ಕಾಯ್ದೆಯ ಜಾಗದಲ್ಲಿ ಈಗ ವೇತನ ಸಂಹಿತೆ ಎಂಬ ಹೊಸ ಕಾನೂನು ಇದೆ. ಅದನ್ನು 2019ರಲ್ಲಿ ಮಾಡಿದರು. 2025ರ ನವೆಂಬರ್ 21ರಂದು ಜಾರಿಗೆ ತಂದರು. ಅದರಲ್ಲೂ ಈ ಮಾತು ಇದೆ. ಕನಿಷ್ಠ ಕೂಲಿ ಎಷ್ಟು ಎಂದು ಸರ್ಕಾರ ಗೊತ್ತು ಮಾಡುತ್ತದೆ. ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಅದಕ್ಕೆ ಸೇರುವ ತುಟ್ಟಿಭತ್ಯೆ ಬದಲಾಗುತ್ತದೆ. ಹಾಗಾಗಿ ಪ್ರತಿ ವರ್ಷ ಹೊಸದಾಗಿ ಕೇಳಿ ತಿಳಿಯಬೇಕು. ಕಾರ್ಮಿಕ ಇಲಾಖೆಯ ಕಚೇರಿ ಮಡಿಕೇರಿಯಲ್ಲಿದೆ.

ಕಾನೂನು ಇದೆ ಎಂದು ಕೂಲಿ ತಾನಾಗಿ ಸರಿ ಆಗುವುದಿಲ್ಲ. ಒಬ್ಬರೇ ಕೇಳಿದರೆ "ನಾಳೆಯಿಂದ ಬರಬೇಡ" ಎನ್ನಬಹುದು. ಹತ್ತು ಜನ ಒಟ್ಟಿಗೆ ಹೋದರೆ ಹಾಗೆ ಹೇಳುವುದು ಕಷ್ಟ. ಮರದ ಲೆಕ್ಕದಲ್ಲಿ ಟ್ಯಾಪಿಂಗ್ ಮಾಡುವುದರಲ್ಲಿ ಒಂದು ಅನುಕೂಲ ಇದೆ ನೋಡಿ. ಕತ್ತಿ ಹಾಕಿದವರು ಗಂಡೋ ಹೆಣ್ಣೋ ಎಂದು ಮರ ಕೇಳುವುದಿಲ್ಲ.

ನಮ್ಮದು ಗಡಿ ಊರು. ಇಲ್ಲಿಂದ ಪಾಣತ್ತೂರಿಗೆ ಕೆಲಸಕ್ಕೆ ಹೋಗುವವರಿದ್ದಾರೆ. ಅಲ್ಲಿ ಕೂಲಿ ಹೆಚ್ಚು. ಹೋಗುವುದರಲ್ಲಿ ತಪ್ಪಿಲ್ಲ. ಆದರೆ ತಿಳಿದಿರಿ: ಕೆಲಸ ಯಾವ ರಾಜ್ಯದಲ್ಲಿಯೋ ಆ ರಾಜ್ಯದ ಕನಿಷ್ಠ ಕೂಲಿ ಲೆಕ್ಕಕ್ಕೆ ಬರುತ್ತದೆ. ಮನೆ ಕರಿಕೆಯಲ್ಲಿದೆ ಎಂದು ಕಡಿಮೆ ಕೊಡುವ ಹಾಗಿಲ್ಲ. 2020ರಲ್ಲಿ ಕೊರೊನಾ ಬಂದಾಗ ಗಡಿ ಮುಚ್ಚಿದರು. ಆಚೆ ಕೆಲಸ ಮಾಡಿದ ಬಾಕಿ ಹಣ ಆಚೆಯೇ ಉಳಿದವರು ಇದ್ದಾರೆ. ಅದಕ್ಕೇ ವಾರವಾರ ಲೆಕ್ಕ ಮುಗಿಸಿಕೊಳ್ಳುವುದು ಒಳ್ಳೆಯದು.

ಕೂಲಿ ಈಗ ಎಷ್ಟೋ ಕಡೆ ಕೈಗೆ ಬರುವುದಿಲ್ಲ, ಫೋನಿಗೆ ಬರುತ್ತದೆ. ಯಾರ ಫೋನಿಗೆ? ಹೆಚ್ಚಾಗಿ ಗಂಡನದ್ದೋ ಮಗನದ್ದೋ. ಮನೆಯ ಸಮಾಧಾನ ಕೆಡಿಸಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಒಂದು ಖಾತೆ ಇರಲಿ, ಪಾಸ್‌ಬುಕ್ ನಿಮ್ಮ ಪೆಟ್ಟಿಗೆಯಲ್ಲಿ ಇರಲಿ. ಇನ್ನೊಂದು ಮಾತು. ಹಣ ಕಳಿಸಲು ಮಾತ್ರ ಪಿನ್ ನಂಬರ್ ಬೇಕು. ಹಣ ಬರಲು ಪಿನ್ ಬೇಡ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಎಂದು ಯಾರಾದರೂ ಫೋನ್ ಮಾಡಿದರೆ ಅವರು ಕಳ್ಳರು. ಮಾತಾಡದೆ ಇಟ್ಟುಬಿಡಿ.

ಖಾತೆ ಇದ್ದರೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಮಾಡಿಸಬಹುದು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಎಂದು ಹೆಸರು. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಗುಡ್ಡ ಹತ್ತಿ ಇಳಿಯುವ ನಮಗೆ ಇದು ಬೇಕು. 20 ರೂಪಾಯಿ ಎಂದರೆ ಎರಡು ಚಾ. ಇ-ಶ್ರಮ್ ಕಾರ್ಡು ಎಂದು ಇನ್ನೊಂದು ಇದೆ. 2021ರಲ್ಲಿ ಶುರುವಾಯಿತು. 16ರಿಂದ 59 ವರ್ಷದ ಕೂಲಿ ಕೆಲಸದವರು ಹೆಸರು ಬರೆಸಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋನ್ ಬೇಕು. 12 ಅಂಕಿಯ ನಂಬರ್ ಕೊಡುತ್ತಾರೆ. 'ಕೆಲಸ ಏನು?' ಎಂದು ಅಲ್ಲಿ ಕೇಳುತ್ತಾರೆ. "ಮನೆಯಲ್ಲೇ ಇದ್ದೇನೆ" ಎನ್ನಬೇಡಿ. ಟ್ಯಾಪಿಂಗ್ ಮಾಡುವವರು ಟ್ಯಾಪಿಂಗ್ ಎಂದೇ ಬರೆಸಿ.

ಆ ಅಕ್ಕ ಈಗ ಮೂರು ತೋಟ ನೋಡುತ್ತಾರೆ. ಮೂರು ಪುಸ್ತಕ ಇಲ್ಲ, ಒಂದೇ ಪುಸ್ತಕ. ತೋಟಕ್ಕೆ ಒಂದೊಂದು ಗುರುತು ಇಟ್ಟಿದ್ದಾರೆ. ಒಂದಕ್ಕೆ ಹಲಸು, ಒಂದಕ್ಕೆ ಬಾವಿ, ಒಂದಕ್ಕೆ ನಾಯಿ. ಆ ತೋಟದ ನಾಯಿ ಒಮ್ಮೆ ಅವರನ್ನು ಅಟ್ಟಿಸಿಕೊಂಡು ಬಂದಿತ್ತಂತೆ! ಅವರ ಪುಸ್ತಕದ ಒಂದು ಪುಟ ಹೀಗಿದೆ:

ತಾರೀಕು 3. ಹಲಸು. 280 ಮರ. 560 ರೂ. ಬಾಕಿ.
ತಾರೀಕು 4. ಬಾವಿ. 150 ಮರ. 300 ರೂ. ಸಿಕ್ಕಿತು.
ತಾರೀಕು 5. ಹಲಸು. ಮಳೆ. ಅರ್ಧ. 280 ರೂ. ಬಾಕಿ.
ತಾರೀಕು 6. ನಾಯಿ. 120 ಮರ. 240 ರೂ. ಸಿಕ್ಕಿತು.

ಹಲಸಿನ ತೋಟದಿಂದ ಅವರಿಗೆ ಬರಬೇಕಾದ ಬಾಕಿ ಎಷ್ಟು? ಕೂಡಿಸಿ ನೋಡಿ. ಆಮೇಲೆ ಈ ಪುಟದ ಕೆಳಗಿನ ಖಾಲಿ ಗೆರೆಯಲ್ಲಿ ಇವತ್ತಿನ ತಾರೀಕು, ಇವತ್ತು ನೀವು ಮಾಡಿದ ಕೆಲಸ, ಬರಬೇಕಾದ ಹಣ ಬರೆಯಿರಿ. ನಾಳೆ ಸಂಜೆ ಕೇಂದ್ರಕ್ಕೆ ಬರುವಾಗ ಪುಸ್ತಕ ತನ್ನಿ.

ತಾರೀಕು ............ ಕೆಲಸ ........................ ರೂ. ............